ಗೌರತ್ತೆಯ ಕೇಳಿಸದ ಸಾಲು

ಗೌರತ್ತೆ ಬೈಯಲು ಶುರುಮಾಡಿದರೆ ಅದು ಬೈಗುಳವೆಂದು ಮೊದಲಿಗೆ ಗೊತ್ತೇ ಆಗುತ್ತಿರಲಿಲ್ಲ. "ಅಮ್ಮಣ್ಣಿ, ಗಂಜಿ ಕುಡಿದ್ಯಾ?" ಎಂದು ಮೆಲ್ಲಗೆ ಕೇಳುವರು. ಆಮೇಲೆ ಕೊಡದೊಳಗಿನ ನೀರಿನ ವಿಚಾರ. ಆಮೇಲೆ ಕೊಡ ತುಂಬಿಡದೆ ಮಲಗಿದ ಯಾರೋ ಸೊಸೆಯ ವಿಚಾರ, ಆ ಸೊಸೆಯ ತವರಿನ ವಿಚಾರ, ಆ ತವರಿನಲ್ಲಿ ಅವಳಿಗೆ ಬುದ್ಧಿ ಹೇಳದೆ ಬಿಟ್ಟವರ ವಿಚಾರ. ದನಿ ಹೀಗೆ ಒಂದೊಂದೇ ಮೆಟ್ಟಿಲು ಏರಿ, ಅಟ್ಟದ ಮೇಲಿನ ಬೆಕ್ಕು ಎದ್ದು ಓಡುವ ಹೊತ್ತಿಗೆ, ಆ ಸೊಸೆ ನಾನೇ ಎಂದು ನನಗೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಅವರು ಬೈದು ಮುಗಿಸಿ, ವೀಳ್ಯದೆಲೆಗೆ ಸುಣ್ಣ ಸವರುತ್ತಾ ಕೂತಿರುತ್ತಿದ್ದರು.

ಅವರು ಹಾಡುತ್ತಿದ್ದುದೂ ಹೀಗೇ. ಆ ಹಾಡನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ನಾನು ಧರ್ಮಪುರಿಯಿಂದ ಸೇಲಂಗೆ ಸೊಸೆಯಾಗಿ ಬಂದದ್ದು ಮೂವತ್ತರ ದಶಕದ ಮೊದಲಲ್ಲಿ. ನಮ್ಮದು ಕನ್ನಡ ಮಾತಾಡುವ ನೇಕಾರರ ಬೀದಿ. ಪೇಟೆಗೆ ಹೋದರೆ ತಮಿಳು, ಬೀದಿಯೊಳಕ್ಕೆ ಕಾಲಿಟ್ಟರೆ ಕನ್ನಡ, ಜಗಳ ಬಿದ್ದರೆ ಎರಡೂ. ನಮ್ಮ ಮನೆಯಲ್ಲಿ ಮಾವ, ನನ್ನವರು, ಮತ್ತು ಮಾವನ ಅಕ್ಕ ಗೌರತ್ತೆ. ನನ್ನವರ ತಾಯಿ ತೀರಿಹೋಗಿದ್ದರು. ಗೌರತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ಬೀದಿಗೆಲ್ಲ ಅವರು ಗೌರತ್ತೆ; ನಾನೂ ಹಾಗೇ ಕರೆದೆ. ಅವರಿಗೆ ಮಕ್ಕಳಿಲ್ಲ, ಹೊಲವಿಲ್ಲ, ಮಗ್ಗವಿಲ್ಲ. ಇದ್ದದ್ದೆಲ್ಲ ಆ ಬೀದಿ ಒಂದೇ.

ಬೀದಿ ಒಟ್ಟು ಸೇರುತ್ತಿದ್ದುದು ಪಾವು ಹಾಸುವ ದಿನ. ಪಾವು ಎಂದರೆ ಮಗ್ಗಕ್ಕೇರುವ ಮೊದಲಿನ ಉದ್ದ ನೂಲಿನ ಹಾಸು. ಬೆಳಕು ಹರಿಯುತ್ತಲೇ ಅದನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಬಳಿದು, ಎರಡೂ ಕಡೆಯಿಂದ ದೊಡ್ಡ ಕುಂಚಗಳಲ್ಲಿ ತೀಡುತ್ತಾ ನಡೆಯಬೇಕು. ಗಂಜಿ ಒಣಗುವವರೆಗೆ ಕೈ ನಿಲ್ಲಬಾರದು. ನಿಂತರೆ ಎಳೆಗೆ ಎಳೆ ಅಂಟಿಕೊಂಡು ಇಡೀ ಪಾವು ಹಗ್ಗವಾಗಿ ಕೂರುತ್ತದೆ. ಬಿಸಿಲು ಚುರುಕಾದರಂತೂ ಮುಗಿದೇ ಹೋಯಿತು. ಒಂದು ಮನೆಯವರ ಕೈಯಲ್ಲಿ ಆಗುವ ಕೆಲಸವೇ ಅಲ್ಲ. ಆದ್ದರಿಂದ ಯಾರ ಮನೆಯ ಪಾವಾದರೂ ಎಲ್ಲ ಮನೆಯವರೂ ಬಂದು ಕೈ ಕೊಡುವುದು ನಮ್ಮಲ್ಲಿ ರೂಢಿ.

ನೂಲು ಹಸಿಯಾಗಿರುವಾಗ ಕುಂಚ ನಿಧಾನವಾಗಿ ಹೋಗಬೇಕು, ಒಣಗುತ್ತಾ ಬಂದಂತೆ ಬೇಗ ಬೇಗ. ಆ ನಡಿಗೆಯನ್ನು ಹಿಡಿದಿಡುವುದೇ ಹಾಡಿನ ಕೆಲಸ. ಗೌರತ್ತೆ ಪಾವಿನ ತಲೆಗೆ ನೆಟ್ಟ ಗೂಟದ ಪಕ್ಕ ನಿಂತು ಶುರುಮಾಡುವರು. ತುಟಿ ಅಲ್ಲಾಡುವುದು ಕಾಣಿಸುತ್ತಿತ್ತು, ಗುಂಯ್ ಎನ್ನುವ ದನಿಯೂ ಇರುತ್ತಿತ್ತು, ಮಾತು ಮಾತ್ರ ಯಾರಿಗೂ ಕೇಳಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದುರುಮನೆಯ ಕಾವೇರಮ್ಮ "ನೂಲೇ ನೂಲೇ ನೀರ ಕುಡಿಯೇ" ಎಂದು ಎತ್ತಿಕೊಳ್ಳುವಳು. ಅವಳು ಅದನ್ನೇ ತಿರುತಿರುಗಿ ಹೇಳುತ್ತಿರುವಾಗ ಅದರ ಮೇಲೆ ಉಳಿದ ಹೆಂಗಸರು, ಅವರ ಮೇಲೆ ಕಾವೇರಮ್ಮನ ಗಂಡ ಲಿಂಗಪ್ಪನ "ಬಿಸಿಲೇ ಬಿಸಿಲೇ ತಡೆದು ಬಾರೋ". ಒಬ್ಬರು ಬಂದರೆಂದು ಇನ್ನೊಬ್ಬರು ಬಿಡುವ ಹಾಗಿಲ್ಲ. ಎಲ್ಲರ ಸಾಲೂ ಒಂದರ ಮೇಲೊಂದು ಕೂತು, ಕುಂಚಗಳು ಸರಸರ ಓಡತೊಡಗಿ, ಕೊನೆಗೆ ಬೀದಿಯ ಆ ತುದಿಯಿಂದ ಮುನಿಯಪ್ಪನೆಂಬ ಆನೆಗಾತ್ರದ ಮನುಷ್ಯ "ಓ ಚೌಡಮ್ಮಾ" ಎಂದು ನಮ್ಮ ಕುಲದೇವಿಗೆ ದನಿ ಬಿಟ್ಟರೆ ಸೂರಿನ ಪಾರಿವಾಳಗಳೆಲ್ಲ ಒಟ್ಟಿಗೆ ಹಾರುತ್ತಿದ್ದವು. ಅವನಿಗೆ ಇದ್ದದ್ದು ಅದೊಂದೇ ಕೂಗು. ಅದಕ್ಕಾಗಿ ಅವನು ಬೆಳಗಿನಿಂದ ಗಂಟಲು ಕಾಯಿಸಿಕೊಂಡು ಕಾಯುತ್ತಿದ್ದ.

ನನಗೆ ಮೊದಲಿಗೆ ಸಾಲಿರಲಿಲ್ಲ. ಕಿತ್ತುಹೋದ ಎಳೆಗಳಿಗೆ ಗಂಟು ಹಾಕುತ್ತಾ ಬಾಯಿ ಮುಚ್ಚಿಕೊಂಡು ನಡೆಯುತ್ತಿದ್ದೆ. ನಂಗೂ ಒಂದು ಕೊಡಿ ಅತ್ತೆ ಎಂದು ಕೇಳಿದರೆ, "ಕೊಡೋಕೆ ಅದೇನು ಕಡ್ಲೆಪುರಿಯಾ? ಎಲ್ಲಿ ತೆರವು ಐತೋ ಅಲ್ಲಿ ನೀನೇ ಬಂದು ನಿಂತ್ಕೋಬೇಕು" ಎಂದರು. ಹಾಗೆಂದು ನುಗ್ಗಿದರೂ ಬಿಡುತ್ತಿರಲಿಲ್ಲ. "ಮೆತ್ತಗೆ ಅಮ್ಮಣ್ಣಿ, ಮೆತ್ತಗೆ. ಅಸಿ ನೂಲು ಎಳೆದ್ರೆ ಏನಾಯ್ತದೆ?" ಎಂದು ಕಣ್ಣು ಬಿಡುವರು. ಒಂದು ದಿನ ಲಿಂಗಪ್ಪ "ತಡೆದು ಬಾರೋ" ಎಂದು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ನನ್ನ ಬಾಯಿಂದ ತಾನಾಗಿ "ಬಂದೇ ಬಂದೇ" ಎಂದು ಹೊರಟಿತು. ಬಿಸಿಲೇ ಓಗೊಟ್ಟ ಹಾಗಾಯಿತು. ಹೆಂಗಸರೆಲ್ಲ ನಕ್ಕರು, ಯಾರೂ ನಿಲ್ಲಿಸಲಿಲ್ಲ. ಮುಂದಿನ ಸುತ್ತಿನಲ್ಲಿ ಲಿಂಗಪ್ಪ ಆ ಜಾಗ ಬಂದಾಗ ನನ್ನ ಕಡೆ ಹುಬ್ಬು ಎತ್ತಿದ. ನಾನು ಮತ್ತೆ ಹೇಳಿದೆ. ಆವತ್ತು ಮೈ ಝುಂ ಎಂದದ್ದನ್ನು ಹೇಗೆ ಹೇಳಲಿ! ತಾಳಿ ಕಟ್ಟಿಸಿಕೊಂಡ ದಿನವೂ ನಾನು ಆ ಊರಿನವಳು ಅನ್ನಿಸಿರಲಿಲ್ಲ.

ಗೌರತ್ತೆಗೆ ಬೇರೆಯವರ ಹಾಡು ಅಷ್ಟು ಸುಲಭಕ್ಕೆ ರುಚಿಸುತ್ತಿರಲಿಲ್ಲ. ಪೇಟೆಯ ಕಾಪಿ ಕ್ಲಬ್ಬೊಂದಕ್ಕೆ ಗ್ರಾಮಫೋನು ಬಂದಿದೆಯೆಂದು ಕೇಳಿ, ಒಂದು ಮಧ್ಯಾಹ್ನ ನಾನೇ ಅವರನ್ನು ಹಟಮಾಡಿ ಕರೆದುಕೊಂಡು ಹೋದೆ. ಒಳಗೆ ಗಂಡಸರು. ನಾವು ಬೀದಿಯ ಆಚೆ ಬದಿಯಲ್ಲಿ ಸೆರಗು ಹೊದ್ದು ನಿಂತೆವು. ತಟ್ಟೆ ತಿರುಗಿದ್ದೇ ತಡ, ಹಾರ್ಮೋನಿಯಂ, ಮೃದಂಗ, ಹಾಡುವವನು ಎಲ್ಲ ಒಟ್ಟಿಗೇ ಹೊರಬಿದ್ದರು. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಗೌರತ್ತೆ ಮುಖ ಗಂಟಿಕ್ಕಿದರು.

"ಇದೇನು, ಸುರುವಾಗೋಕೆ ಮುಂಚೇನೇ ಎಲ್ಲಾರೂ ಬಂದ್ಬುಟ್ರಾ?"

"ಅದು ಪೆಟ್ಟಿಗೆ ಅತ್ತೆ. ಹಂಗೇ ಬರೋದು."

"ಒಬ್ರಾದ್ಮೇಲೆ ಒಬ್ರು ಬಂದ್ರೆ ತಾನೆ ಯಾರು ಬಂದ್ರು ಅಂತ ಗೊತ್ತಾಗೋದು? ಪೋದುಂ, ನಡಿ, ಸಾಕು" ಎಂದು ಹೊರಟೇಬಿಟ್ಟರು. ದಾರಿಯುದ್ದಕ್ಕೂ ನಾನು ನಗುತ್ತಾ ಬಂದೆ. ಆ ಮಾತು ಎಷ್ಟು ತೂಕದ್ದೆಂದು ನನಗೆ ಗೊತ್ತಾದದ್ದು ಜಗಳದ ಕಾಲದಲ್ಲಿ.

ಜಗಳ ಹುಟ್ಟಿದ್ದು ಅಮಾವಾಸ್ಯೆಯಿಂದ. ಅಮಾವಾಸ್ಯೆಯ ದಿನ ನಮ್ಮವರು ನೂಲು ಮುಟ್ಟುವುದಿಲ್ಲ, ಅದು ಚೌಡಮ್ಮನ ದಿನ. ಆ ತಿಂಗಳು ನಮ್ಮ ಮಾವ ತಮ್ಮದೇ ಬೆರಳೆಣಿಕೆಯಲ್ಲಿ ಅಮಾವಾಸ್ಯೆ ನಾಳೆಯೆಂದು ತೀರ್ಮಾನಿಸಿ, ಬೆಳಗ್ಗೆ ಬೀದಿಯಲ್ಲಿ ಗೂಟ ನೆಟ್ಟುಬಿಟ್ಟರು. ಬೀದಿಯ ಯಜಮಾನಿಕೆ ಲಿಂಗಪ್ಪನದು. ಅವನು ಬಂದು, "ಮಾಮಾ, ಇವತ್ತು ಅಮಾಸೆ. ಕೀಳು ಗೂಟಾನ" ಎಂದ. ಮಾವ ಎಣಿಕೆ ತಪ್ಪಿತೆಂದು ಒಪ್ಪಿದ್ದರೆ ನಕ್ಕು ಮುಗಿಯುತ್ತಿತ್ತು. ಅವರು, "ನಿಮ್ಮ ಕೈ ಇಲ್ದೆ ಓದ್ರೆ ನನ್ನ ಪಾವು ಒಣಗಲ್ವೇನ್ಲಾ?" ಎಂದುಬಿಟ್ಟರು. ಇಡೀ ಬೀದಿ ಕೇಳಿಸಿಕೊಂಡಿತು.

"ಸರಿ, ಒಣಗಿಸ್ಕೋ" ಎಂದ ಲಿಂಗಪ್ಪ, ಅಷ್ಟೇ.

ಗೂಟವನ್ನು ಕಿತ್ತವರು ಗೌರತ್ತೆ. ಆದರೆ ಮಾತನ್ನು ಕೀಳುವುದು ಹೇಗೆ? ಅಂದಿನಿಂದ ನಮ್ಮ ಮನೆಗೆ ಬೆಂಕಿ ಕೇಳಲೂ ಯಾರೂ ಬರಲಿಲ್ಲ. ಪಾವು ಹಾಸದೆ ಮಗ್ಗ ಖಾಲಿ ಕೂತಿತ್ತು. ಮದುವೆ ಸೀರೆಗಳಿಗೆಂದು ಪೇಟೆಯ ಸಾಹುಕಾರರು ಕೊಟ್ಟ ನೂಲು, ಅದು ಕೆಟ್ಟರೆ ಮತ್ತೆ ನಮ್ಮನ್ನು ನಂಬಿ ನೂಲು ಕೊಡುವವರಿಲ್ಲ. ಮಾವನಿಗೆ ಒಳಗೊಳಗೇ ದಿಗಿಲು, ಮೇಲೆ ಬಿಗುಮಾನ. "ನಾಳೆ ನಾವೇ ಆಸ್ತೀವಿ. ಆಗ್ಲಿಲ್ಲಾಂದ್ರೆ ಈ ಬೀದೀನೇ ಬ್ಯಾಡ, ಧರ್ಮಪುರಿ ಕಡೀಕೆ ಓಗೋಣ" ಎಂದರು. ಸುಣ್ಣ ಸವರಿದ ಎಲೆ ಮಡಿಸದೆ ಗೌರತ್ತೆಯ ಕೈಯಲ್ಲೇ ಉಳಿಯಿತು.

ಮಾರನೆಯ ಬೆಳಗ್ಗೆ ಪಾವು ಬಿಗಿದು ಗಂಜಿ ಬಳಿದೆವು. ಎಲ್ಲ ಬಾಗಿಲೂ ಮುಚ್ಚಿದ್ದವು. ಮಾವ ಒಂದು ಕಡೆ, ನನ್ನವರು ಒಂದು ಕಡೆ ಕುಂಚ ಹಿಡಿದರು. ಗಂಟಿಗೆ ನಾನು. ಗೌರತ್ತೆ ಗೂಟದ ಪಕ್ಕ ನಿಂತು ಎಂದಿನಂತೆ ತುಟಿಯೊಳಗೇ ಶುರುಮಾಡಿದರು. ಅವರ ಕಣ್ಣು ಬಾಗಿಲಿಂದ ಬಾಗಿಲಿಗೆ ನಿಧಾನವಾಗಿ ಸರಿಯುತ್ತಿತ್ತು. ಕಾವೇರಮ್ಮನ ಸಾಲಿನ ಜಾಗ ಬಂತು. ಯಾರೂ ಇಲ್ಲ. ಗೌರತ್ತೆ ಆ ಸಾಲಿನಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಮೊದಲಿನಿಂದ ಹೊರಟರು.

"ನೀನೇ ಆಡಕ್ಕಾ" ಎಂದರು ಮಾವ, ಕುಂಚ ಓಡಿಸುತ್ತಲೇ.

"ಅದು ನಂದಲ್ಲ."

ಮತ್ತೆ ಅದೇ ಖಾಲಿ ಜಾಗ. ಅದನ್ನು ಕೇಳುವುದು ಎಂಥ ಸಂಕಟ ಅಂತೀರಿ! ಮೆಟ್ಟಿಲಿದೆಯೆಂದು ಕಾಲಿಟ್ಟರೆ ಅಲ್ಲಿ ಮೆಟ್ಟಿಲೇ ಇಲ್ಲದ ಹಾಗೆ. ಅತ್ತ ಏರ್ಕಾಡು ಬೆಟ್ಟದ ಕಡೆಯಿಂದ ಗಾಳಿ ಎದ್ದಿತು. ಸೂರಿನ ಮೇಲೆ ಬಿಸಿಲು ಬಿತ್ತು. ಪಾವಿನ ಆ ತುದಿ ಒಣಗತೊಡಗಿದ್ದು ನನ್ನ ಬೆರಳಿಗೇ ಗೊತ್ತಾಯಿತು. ನನ್ನವರು ಆ ಕಡೆಗೆ ಓಡಿದರೆ ಈ ತುದಿ ಅಂಟುತ್ತದೆ. ನನಗೆ ಅಳು ಬಂತು.

ಆಗ ಎದುರುಮನೆಯ ಒಳಗಿಂದ, ಅಡುಗೆಮನೆಯ ಹೊಗೆಯ ಜೊತೆ, "ನೂಲೇ ನೂಲೇ ನೀರ ಕುಡಿಯೇ" ಎಂದು ಬಂತು. ಕಾವೇರಮ್ಮ ಹೊರಗೆ ಬಂದಿರಲಿಲ್ಲ. ಒಲೆಯ ಮುಂದೆ ಕೂತವಳ ಬಾಯಿಂದ ತಡೆಯಲಾರದೆ ಹೊರಬಿದ್ದಿತ್ತು. "ಯಾರೇ ಅದು ಆಡಿದ್ದು?" ಎಂದು ಲಿಂಗಪ್ಪ ಗದರಿದ್ದೂ ಕೇಳಿಸಿತು. ಅವಳು ಮರುಮಾತಾಡದೆ ಎರಡನೆಯ ಸಲ ಹೇಳಿದಳು. ಪಕ್ಕದ ಮನೆಯ ಬಾಗಿಲು ತೆರೆಯಿತು, ಅದರ ಪಕ್ಕದ್ದು ತೆರೆಯಿತು. ಹೆಂಗಸರು ಸೆರಗು ಸಿಕ್ಕಿಸಿಕೊಳ್ಳುತ್ತಾ ತಮ್ಮ ತಮ್ಮ ಸಾಲು ಹಿಡಿದೇ ಅಂಗಳಕ್ಕೆ ಇಳಿದರು.

ಇನ್ನು ಲಿಂಗಪ್ಪನ ಜಾಗ. ಗೌರತ್ತೆ ಅದನ್ನು ಖಾಲಿ ಬಿಟ್ಟರು. ಮತ್ತೊಂದು ಸುತ್ತು, ಮತ್ತೆ ಖಾಲಿ. ಎಲ್ಲರ ಕಣ್ಣೂ ಆ ಬಾಗಿಲ ಮೇಲೆ. ಮತ್ತೆ ಆ ಜಾಗ ಬರುವಷ್ಟರಲ್ಲಿ ಬಾಗಿಲು ದಡಾರನೆ ತೆರೆದು, ಬೇವಿನ ಕಡ್ಡಿ ಬಾಯಿಂದ ಉಗುಳಿ, "ಬಿಸಿಲೇ ಬಿಸಿಲೇ" ಎನ್ನುತ್ತಾ ಲಿಂಗಪ್ಪ ಬಂದ. ಬಂದವನೇ ಮಾವನ ಕೈಯಿಂದ ಕುಂಚ ಕಿತ್ತುಕೊಂಡ.

"ನಿನ್ನ ಪಾವಿಗೆ ಬಂದಿಲ್ಲ ಕಣ್ ಮಾಮಾ. ನನ್ನ ಸಾಲು ಬಿದ್ದೋಗಿತ್ತು, ಅದ್ಕೆ ಬಂದೆ."

"ನಿಂದೇ ಬೀದಿ, ನಿಂದೇ ಸಾಲು. ತೀಡ್ಲಾ ಸೀಕ್ರ" ಎಂದರು ಮಾವ.

ನಾನು "ಬಂದೇ ಬಂದೇ" ಎಂದು ಕೂಗಿದ್ದು ನನಗೇ ಕೇಳಿಸಲಿಲ್ಲ, ಅಷ್ಟು ದನಿಗಳು. ಕುಂಚದ ಮೇಲೆ ಕುಂಚ, ಸಾಲಿನ ಮೇಲೆ ಸಾಲು. ಮುಖ ತೊಳೆಯದವರು, ಜುಟ್ಟು ಬಿಚ್ಚಿದವರು, ಸೊಂಟದಲ್ಲಿ ಮಗು ಇದ್ದವರು, ಎಲ್ಲರೂ ಓಡುತ್ತಿದ್ದರು. ಕೊನೆಗೆ ಮುನಿಯಪ್ಪ ಇಷ್ಟು ದಿನ ಕೂಡಿಟ್ಟದ್ದನ್ನೆಲ್ಲ ಸೇರಿಸಿ "ಓ ಚೌಡಮ್ಮಾ" ಎಂದ ನೋಡಿ, ಪಾವಿನ ನೂಲು ಅಲುಗಿದ್ದನ್ನು ನನ್ನ ಕಣ್ಣಾರೆ ಕಂಡೆ. ಹಾಡು ನಿಂತಾಗ ಎಳೆ ಎಳೆಯೂ ಬಿಡಿಬಿಡಿಯಾಗಿ ಒಣಗಿತ್ತು. ಲಿಂಗಪ್ಪ ಬೆವರು ಒರೆಸಿಕೊಂಡು, "ಮುಂದಿನ ಅಮಾಸೆ ಯಾವತ್ತು ಅಂತ ನನ್ನ ಕೇಳು" ಎಂದ. ಮಾವ ನಕ್ಕರು. ಗೌರತ್ತೆ ಆಗಲೇ ಒಳಗೆ ಹೋಗಿ ಎಲ್ಲರಿಗೂ ಕುಡಿಯಲು ಗಂಜಿ ಬಗ್ಗಿಸುತ್ತಿದ್ದರು.

ಅದಾದ ಕೆಲವು ವರ್ಷಕ್ಕೆ ನನ್ನ ಚೊಚ್ಚಲ ಹೆರಿಗೆಗೆ ತವರಿನಿಂದ ಕರೆಯಲು ಬಂದರು. ಗೌರತ್ತೆ ಆಗ ಹಾಸಿಗೆ ಹಿಡಿದಿದ್ದರು. ಪಾವಿನ ದಿನ ಮಾತ್ರ ಎದ್ದು ಗೂಟ ಹಿಡಿದು ನಿಲ್ಲುತ್ತಿದ್ದರು. ಹೊರಡುವ ಮುನ್ನ ಕಾಲಿಗೆ ಬಿದ್ದು, ಎಷ್ಟೋ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

"ಅತ್ತೆ, ನೀವು ಸುರೂನಲ್ಲಿ ಆಡ್ತೀರಲ್ಲ, ಅದು ಯಾವ ಸಾಲು? ಪಕ್ಕದಾಗೇ ನಿಂತ್ರೂ ನಂಗೆ ಒಂದಿನಾನೂ ಕೇಳಿಸಿಲ್ಲ."

"ಅದೆಲ್ಲಿ ಸಾಲು? ಬಾಗ್ಲು ಬಾಗ್ಲು ನೋಡ್ಕೊಂಡು ಎಲ್ಲಾರ ಎಸ್ರೂ ಅಂದ್ಕೊಂಡೋಯ್ತೀನಿ, ಅಷ್ಟೇಯ. ಒಬ್ರನ್ನ ಬುಟ್ಟು ಸುರು ಮಾಡಿದ್ರೂ ಆಡು ಮೇಲಕ್ಕೆ ಬರಾಕಿಲ್ಲ."

ಇಷ್ಟು ವರ್ಷ ಅವರು ಹಾಡಿದ್ದು ಬೀದಿಯವರ ಹೆಸರುಗಳನ್ನು!

"ಜಗಳ ಆದಾಗ್ಲೂವಾ?"

"ಆವತ್ತು ಲಿಂಗಪ್ಪನ್ನ ಎಲ್ಡೆಲ್ಡು ಸಲ ಅಂದೆ" ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕರು.

"ನನ್ನ ಎಸ್ರು?"

"ಮನೆಯೋರ್ದು ಕಡೇಲಿ."

"ನಿಮ್ದು?"

"ನಂದ್ಯಾಕೆ? ನಾನಿಲ್ಲೇ ಇದ್ದೀನಲ್ಲ."

ನನ್ನ ಮಗಳು ಹುಟ್ಟಿದ ಮೇಲೆ, ಬಸ್ಸಿನಲ್ಲಿ ಬಂದ ನಮ್ಮ ಬೀದಿಯವರೊಬ್ಬರು ಗೌರತ್ತೆ ಹೋದ ಸುದ್ದಿ ತಂದರು. ಕಡೆಯ ಸಲ ನಾನು ಅವರ ಮುಖ ನೋಡಲಾಗಲಿಲ್ಲ. ಆ ದುಃಖ ಈಗಲೂ ಇದೆ.

ಮಗಳನ್ನು ಎತ್ತಿಕೊಂಡು ಸೇಲಂಗೆ ಮರಳಿದಾಗ ಬೀದಿಯಲ್ಲಿ ಪಾವು ನಡೆಯುತ್ತಲೇ ಇತ್ತು, ಹಾಡು ಏಳುತ್ತಿರಲಿಲ್ಲ. ಎಲ್ಲರಿಗೂ ತಮ್ಮ ತಮ್ಮ ಸಾಲು ಗೊತ್ತು, ಶುರು ಯಾರಿಗೂ ಗೊತ್ತಿಲ್ಲ. ಲಿಂಗಪ್ಪ ತನ್ನ ದೊಡ್ಡ ದನಿಯಲ್ಲಿ ನೇರ "ಬಿಸಿಲೇ" ಎಂದು ನುಗ್ಗುವನು, ಅರ್ಧದಲ್ಲೇ ಕುಸಿಯುವನು.

ನಮ್ಮ ಮನೆಯ ಪಾವಿನ ದಿನ ನಾನು ಹೋಗಿ ಗೂಟದ ಪಕ್ಕ ನಿಂತೆ. ತುಟಿಯೊಳಗೇ ಶುರುಮಾಡಿದೆ: ಕಾವೇರಮ್ಮ, ಲಿಂಗಪ್ಪ, ಪಕ್ಕದ ಮನೆ, ಅದರ ಪಕ್ಕದ ಮನೆ, ಆ ತುದಿಯ ಮುನಿಯಪ್ಪ. ಒಬ್ಬರನ್ನೂ ಬಿಡಲಿಲ್ಲ. ಕೊನೆಗೆ ನಮ್ಮ ಬಾಗಿಲು. ಮಾವನ ಹೆಸರು, ಗಂಡನ ಹೆಸರು ಹೇಳುವ ಹಾಗಿಲ್ಲವಲ್ಲ, "ಮಾವ" ಎಂದೆ, "ಇವರು" ಎಂದೆ. ತೊಟ್ಟಿಲಲ್ಲಿದ್ದ ಮಗಳ ಹೆಸರು ಹೇಳಿದೆ. ಆಮೇಲೆ, ಅವರು ಈಗ ಇಲ್ಲಿರಲಿಲ್ಲವಾದ್ದರಿಂದ, ಆ ಸಾಲಿನಲ್ಲಿ ಹಿಂದೆಂದೂ ಇರದ ಹೆಸರೊಂದನ್ನು ಸೇರಿಸಿದೆ.

"ಗೌರತ್ತೆ."

ಆಚೆ ಕಡೆಯಿಂದ ಕಾವೇರಮ್ಮ ಎತ್ತಿಕೊಂಡಳು.