ತೋಳೇರಿಸಿದ ಸಿಥ ತಾಯಿ

ಬೆಳಕು ಹರಿಯುವ ಮುನ್ನ ಥಾಮಸಿನ್ ಮಾಡಿ ಮುಗಿಸುತ್ತಿದ್ದ ಕೆಲಸಗಳು: ಒಲೆಯ ಬೂದಿ ಸರಿಸಿ ಕೆಂಡ ಊದುವುದು, ಹಸು ಕರೆಯುವುದು, ನಾದಿಟ್ಟ ಬಾರ್ಲಿ ಹಿಟ್ಟನ್ನು ರೊಟ್ಟಿ ಮಾಡಿ ಬೇಯಿಸುವುದು, ಹಂದಿಗೆ ಕಲಗಚ್ಚು ಸುರಿಯುವುದು, ಹೊಳೆಯಿಂದ ನೀರು ಹೊರುವುದು. ಇದು ಮನೆಯದು. ಆಮೇಲೆ ಚರ್ಚಿನದು: ನೆಲದ ಹಳೆಯ ಜೊಂಡು ಗುಡಿಸಿ ಹೊಸದು ಹಾಸುವುದು, ಕಲ್ಲಿನ ಮೇಲೆ ಸೋರಿದ ಮೇಣ ಕೆರೆದು ಕೂಡಿಡುವುದು, ಪೀಠದ ಬಟ್ಟೆಯನ್ನು ಬೂದಿನೀರಿನಲ್ಲಿ ನೆನೆಹಾಕುವುದು. ಪಾದ್ರಿ ಎದ್ದು ಬರುವ ಹೊತ್ತಿಗೆ ಎಲ್ಲ ತನ್ನಷ್ಟಕ್ಕೇ ಆದಂತೆ ಇರುತ್ತಿತ್ತು. ಮನೆಯಲ್ಲಿ ಅದಕ್ಕೆ ಹೆಣ್ಣಿನ ಧರ್ಮ ಎನ್ನುತ್ತಿದ್ದರು, ಚರ್ಚಿನಲ್ಲಿ ಭಕ್ತಿ. ಕೆಲಸ ಎಂದು ಎಲ್ಲೂ ಯಾರೂ ಅಂದದ್ದಿಲ್ಲ.

ಆಲ್ಡರ್‌ಕೂಂಬಿನ ಆ ಚರ್ಚನ್ನು ಯಾರು ಕಟ್ಟಿಸಿದರೋ ಊರಿಗೆ ಮರೆತುಹೋಗಿತ್ತು. ಗೋಪುರ ಕೊಟ್ಟದ್ದು ಉಣ್ಣೆ ವ್ಯಾಪಾರಿ, ದೊಡ್ಡ ಗಂಟೆ ಕೊಟ್ಟದ್ದು ಜಮೀನ್ದಾರ. ಆದರೆ ಉತ್ತರದ ಗೋಡೆಯ ಸಿಥ ತಾಯಿಯ ಚಿತ್ರ ಯಾರದು ಎಂದರೆ ಯಾವ ಹೆಂಗಸೂ ತಡವರಿಸುತ್ತಿರಲಿಲ್ಲ. ಅದು ಹೆಂಗಸರದ್ದು.

ಅದನ್ನು ಬರೆಸಿದ್ದು ಥಾಮಸಿನ್ ಮದುವೆಯಾಗಿ ಬಂದ ವರ್ಷ. ಈಸ್ಟರ್ ಕಳೆದ ಎರಡನೆಯ ಸೋಮವಾರ ಹೆಂಗಸರ ದಿನ. ಸೇತುವೆಗೆ ಅಡ್ಡ ಹಗ್ಗ ಹಿಡಿದು, ದಾಟುವ ಗಂಡಸರನ್ನೆಲ್ಲ ಕಟ್ಟಿಹಾಕಿ, ಚರ್ಚಿಗೆಂದು ಕಾಸು ಕಿತ್ತು ಬಿಡುವುದು ವಾಡಿಕೆ. ಹೊಸ ಸೊಸೆಯ ಕೈಗೆ ಹಗ್ಗದ ತುದಿ ಕೊಟ್ಟವಳು ಪಕ್ಕದ ಮನೆಯ ಐಸಟ್. ಮೊದಲು ಸಿಕ್ಕಿಬಿದ್ದದ್ದು ಥಾಮಸಿನ್‌ಳ ಮಾವನೇ.

"ಬಿಡ್ರೇ, ನಾನು ಮುದುಕ!"

"ಮುದುಕರಿಗೆ ದರ ಜಾಸ್ತಿ ಮಾವ," ಅಂದಿದ್ದಳು ಐಸಟ್. "ಕಟ್ಟೇ ಥಾಮಸಿನ್, ಗಟ್ಟಿಯಾಗಿ ಕಟ್ಟು. ವರ್ಷವೆಲ್ಲ ನಮ್ಮನ್ನ ಕಟ್ಟಿರ್ತಾರಲ್ಲ!"

ಹಾಗೆ ಹಗ್ಗದಿಂದ ಬಂದ ಕಾಸಿನಲ್ಲಿ ಚಿತ್ರಗಾರನನ್ನು ಕರೆಸಿದರು. ಪ್ರತಿದಿನ ಒಂದೊಂದು ಮನೆಯ ಊಟ ಅವನಿಗೆ. ಬೇರೆ ಗೋಡೆಗಳ ಮೇಲೆ ಕಿರೀಟ ತೊಟ್ಟ ಸಂತರು, ಕತ್ತಿ ಹಿಡಿದ ಸಂತರು ಇದ್ದರು. ಸಿಥ ತಾಯಿ ಮಾತ್ರ ಮನೆಗೆಲಸದವಳು. ಯಜಮಾನನ ಕಣ್ಣು ತಪ್ಪಿಸಿ ಹಸಿದವರಿಗೆ ರೊಟ್ಟಿ ಕೊಟ್ಟವಳು. ಕಳೆದುಹೋದ ಬೀಗದ ಕೈ ಹುಡುಕಿಕೊಡುವವಳು. ಚಿತ್ರಗಾರ ಅವಳಿಗೆ ಮೊಣಕೈ ದಾಟಿ ಇಳಿಬಿದ್ದ ಉದ್ದ ತೋಳಿನ ರೇಷ್ಮೆ ಬಟ್ಟೆ ಬರೆದಾಗ ಹೆಂಗಸರು ಮುಗಿಬಿದ್ದರು.

"ಇಷ್ಟುದ್ದ ತೋಳಿಟ್ಕೊಂಡು ಯಾವಳಪ್ಪಾ ಹಿಟ್ಟು ನಾದ್ತಾಳೆ? ನಿಮ್ಮಮ್ಮ ನಾದ್ತಿದ್ಲಾ?"

ಅವನು ಗೊಣಗುತ್ತಲೇ ತೋಳು ಅಳಿಸಿ, ಮೇಲಕ್ಕೇರಿಸಿ ಬರೆದ. ಮೊಣಕೈವರೆಗೆ ಬರಿಗೈ, ಕೆಂಪಾದ ಬೆರಳು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಅಂದಿನಿಂದ ಸೂಜಿ ಕಳೆದರೂ ಅಲ್ಲಿಗೆ, ಅತ್ತೆ ಬೈದರೂ ಅಲ್ಲಿಗೆ. ಥಾಮಸಿನ್ ತನ್ನ ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟು ಬಂದಾಗಲೂ ಪೀಠದ ಹತ್ತಿರ ಹೋಗಲಿಲ್ಲ. ಉತ್ತರದ ಗೋಡೆಗೆ ಬೆನ್ನು ಕೊಟ್ಟು, ಜೊಂಡಿನ ಮೇಲೆ ಕೂತಿದ್ದಳು. ಗಂಡ ವಾಲ್ಟರ್ ಸತ್ತಾಗಲೂ ಅಷ್ಟೇ.

ಈಗ ಹೊಸ ದೊರೆ, ಇನ್ನೂ ಹುಡುಗ. ಅವನ ಹೆಸರಿನಲ್ಲಿ ಹೊಸ ಅಪ್ಪಣೆಗಳು: ಸಂತರ ಪೂಜೆ ಇನ್ನು ಯಾವ ಚರ್ಚಿನಲ್ಲೂ ಕೂಡದು. ಮೊದಲು ಸಂತರ ಮುಂದಿನ ಮೇಣದ ದೀಪಗಳು ಆರಿದವು. ಆಮೇಲೆ ಮೂರ್ತಿಗಳು ಗಾಡಿ ಹತ್ತಿದವು. ಕೆರೆಯಲು ಮೇಣವೇ ಇಲ್ಲದ ನೆಲ ಗುಡಿಸುವಾಗ ಥಾಮಸಿನ್‌ಗೆ ಕೈ ಖಾಲಿ ಖಾಲಿ ಅನ್ನಿಸುತ್ತಿತ್ತು. ಈ ವಸಂತದಲ್ಲಿ ಮೈದುನ ಗಿಲ್ಬರ್ಟ್ ಒಂದು ಕಬ್ಬಿಣದ ಕೆರೆಯುಳಿ ಹಿಡಿದು ಬಾಗಿಲಲ್ಲಿ ನಿಂತ. ಈ ವರ್ಷ ಚರ್ಚಿನ ಪಾರುಪತ್ಯ ಅವನದು.

"ಅತ್ತಿಗೆ, ಪೆಂಟಕೋಸ್ಟ್ ಹಬ್ಬದೊಳಗೆ ಗೋಡೆಯೆಲ್ಲ ಬೆಳ್ಳಗಾಗ್ಬೇಕಂತೆ. ದೊರೆ ಕಡೆಯೋರು ಬಂದು ನೋಡ್ತಾರೆ. ಬರೀ ಸುಣ್ಣ ಬಳಿದ್ರೆ ಆಗಲ್ಲ. ಕಲ್ಲು ಕಾಣೋವರ್ಗೂ ಬಣ್ಣ ಕೆರೀಬೇಕು."

"ಯಾರು ಕೆರಿಯೋರು?"

"ನೀನೇ. ವರ್ಷಾವರ್ಷ ಒಲೆಗೋಡೆ ಬಳಿಯಲ್ವಾ? ಇದೂ ಹಂಗೇ."

"ನಮ್ಮನೆ ಒಲೆಗೋಡೆ ಮೇಲೆ ಯಾರೂ ನಿಂತಿಲ್ಲ ಕಣೋ."

ಗಿಲ್ಬರ್ಟ್ ನಗಲಿಲ್ಲ. "ಪಕ್ಕದೂರಲ್ಲಿ ತೆಳ್ಳಗೆ ಬಳಿದಿದ್ರು. ಸಂತನ ಕಣ್ಣು ಹೊರಗೆ ಇಣುಕ್ತು. ಪಾರುಪತ್ಯದೋನನ್ನ ಪಟ್ಟಣದ ಸೆರೆಮನೆಗೆ ಹಾಕವ್ರೆ. ನನಗೆ ಮಕ್ಕಳಿದಾವೆ ಅತ್ತಿಗೆ."

ಅವಳು ಆ ಮನೆಗೆ ಬಂದಾಗ ಅವನು ಮೂಗು ಸೋರಿಸುವ ಕೂಸು. ತಲೆಯ ಹೇನು ತೆಗೆದು ಸಾಕಿದ್ದು ಅವಳೇ. ಕೆರೆಯುಳಿಯನ್ನು ತೆಗೆದುಕೊಂಡಳು.

ಸುದ್ದಿ ಕೇಳಿ ಐಸಟ್ ಕೋಲೂರಿಕೊಂಡು ಹೊಳೆಗೇ ಬಂದಳು. ಎಂಬತ್ತರ ಅಂಚು, ಆದರೆ ಬಾಯಿ ಹಗ್ಗ ಹಿಡಿದ ದಿನದ್ದೇ.

"ಕೆರೀಬೇಡ ಕಣೇ. ಸುಣ್ಣಕ್ಕೆ ನೀರು ಜಾಸ್ತಿ ಸುರಿ. ಎರಡು ಚಳಿಗಾಲ ಕಳೆದ್ರೆ ತಾನೇ ಉದುರುತ್ತೆ. ಸಾಯೋದ್ರೊಳಗೆ ತಾಯಿ ಮುಖ ಇನ್ನೊಂದ್ಸಲ ನೋಡ್ತೀನಿ."

"ಗಿಲ್ಬರ್ಟ್‌ನ ಹಿಡ್ಕೊಂಡು ಹೋದ್ರೆ?"

"ಗಂಡಸು ಕಟ್ಟಿಸ್ಕೊಂಡ್ರೆ ಸಾಯಲ್ಲ ಬಿಡು," ಎಂದು ನಕ್ಕಳು. ಆಮೇಲೆ ಬಟ್ಟೆ ಒಗೆಯುತ್ತಿದ್ದ ಥಾಮಸಿನ್‌ಳ ಮಣಿಕಟ್ಟು ಹಿಡಿದಳು. "ನನಗೆ ಬೇರೇನೂ ಬೇಡ ಕಣೇ."

ಮರುದಿನ ಥಾಮಸಿನ್ ಒಬ್ಬಳೇ ಉತ್ತರದ ಗೋಡೆಯೆದುರು ನಿಂತಳು. ಪಕ್ಕದಲ್ಲಿ ಸುಣ್ಣದ ತೊಟ್ಟಿ, ನೀರಿನ ಬಿಂದಿಗೆ, ಕೆರೆಯುಳಿ. ಕಿಟಕಿಯ ಬಿಸಿಲು ಸಿಥ ತಾಯಿಯ ಮೊಣಕೈ ತನಕ ಏರಿತ್ತು. ಕೆರೆದರೆ ಮೈದುನ ಉಳಿಯುತ್ತಾನೆ, ತಾಯಿ ಧೂಳಾಗುತ್ತಾಳೆ. ತೆಳ್ಳಗೆ ಬಳಿದರೆ ಐಸಟ್‌ಳ ಆಸೆ ನೆರವೇರೀತು. ಆದರೆ ಯಾವ ದಿನ ಯಾರ ಕಣ್ಣಿಗೆ ಮೊದಲು ಬೀಳುತ್ತದೋ ಬಲ್ಲವರಾರು? ಕೇಳಲು ಯಾರೂ ಇರಲಿಲ್ಲ. ಗೋಡೆಯ ಮೇಲಿದ್ದವಳು ಎಂದಿನಂತೆ ಕೆಲಸದಲ್ಲಿದ್ದಳು.

ಥಾಮಸಿನ್ ಕೆರೆಯುಳಿಯನ್ನು ಮೂಲೆಗಿಟ್ಟಳು. ಮನೆಗೆ ಹೋಗಿ ಚೀಸಿಗೆಂದು ಎತ್ತಿಟ್ಟಿದ್ದ ಕೆನೆ ತೆಗೆದ ಹಾಲನ್ನು ಪೂರ್ತಿ ತಂದಳು. ಹಾಲು ಬೆರೆತ ಸುಣ್ಣ ಹಿಡಿದರೆ ಬಿಡುವುದಿಲ್ಲ. ಅವಳ ಒಲೆಗೋಡೆಯಲ್ಲಿ ಅತ್ತೆಯ ಕಾಲದ ಪದರ ಇನ್ನೂ ಹಾಗೇ ಇತ್ತು. ಎರಡು ಚಳಿಗಾಲವಲ್ಲ, ತಾನು, ಐಸಟ್, ಗಿಲ್ಬರ್ಟ್‌ನ ಮಕ್ಕಳು ಎಲ್ಲ ಹೋದಮೇಲೂ ಅದು ಕದಲದು. ಕೆರೆದದ್ದೋ ಮುಚ್ಚಿದ್ದೋ ನೋಡಬಂದವರಿಗೆ ತಿಳಿಯದು, ಕೆಳಗೆ ತಾಯಿ ಇಡಿಯಾಗಿರುತ್ತಾಳೆ. ನೋಡಲು ತಾವಿರುವುದಿಲ್ಲ. ಸುಣ್ಣ ಉದುರಿತೇ ಎಂದು ಐಸಟ್ ಇನ್ನು ಪ್ರತಿ ವಸಂತದಲ್ಲೂ ಗೋಡೆಯತ್ತ ಕತ್ತು ಚಾಚುತ್ತಾಳೆ, ಅವಳಿಗೆ ಹೇಳುವಂತಿಲ್ಲ.

ಬಟ್ಟೆ ಒದ್ದೆ ಮಾಡಿ ಹಿಂಡಿ, ದೀಪಗಳ ಹಳೆಯ ಮಸಿಯನ್ನು ಸಿಥ ತಾಯಿಯ ಮೈಮೇಲಿಂದ ಮೆಲ್ಲಗೆ ಒರೆಸಿದಳು. ಹೆಣಕ್ಕೆ ಕಡೆಯ ಸ್ನಾನ ಮಾಡಿಸುವಾಗಿನ ಹಗುರ ಕೈ ಅದು. ಮಸಿ ಹೋದ ಕಡೆ ಬಣ್ಣ ಹೊಸದಾಗಿ ಎದ್ದುಬಂತು. ಆ ಕೆನ್ನೆಯನ್ನು ಅಷ್ಟು ಕೆಂಪಗೆ ಅವಳು ಮದುವೆಯಾದ ವರ್ಷ ಮಾತ್ರ ನೋಡಿದ್ದಳು. ಒಂದು ಗಳಿಗೆ ನಿಂತು ನೋಡಿದಳು. ಮುಖವನ್ನು ಕೊನೆಗೆ ಉಳಿಸಿಕೊಂಡರೆ ಬಳಿಯಲು ಕೈ ಬರುವುದಿಲ್ಲ ಎಂದುಕೊಂಡು, ಹಾಲನ್ನು ತೊಟ್ಟಿಗೆ ಸುರಿದು, ಕುಂಚ ಅದ್ದಿ, ಮುಖದಿಂದಲೇ ಶುರುಮಾಡಿದಳು.