ಶಿರಿಯದ ಬೊನಿಫಾಸರ ಶಿಫಾರಸು

ಸುಳ್ಳು ಹೇಳುವಾಗ ನನ್ನ ಎಡಗಿವಿ ತುರಿಸುತ್ತದೆ. ಇದು ಹುಟ್ಟುಗುಣ. ಮದುವೆಯಾದ ಮೊದಲ ತಿಂಗಳಲ್ಲೇ ಇದನ್ನು ಪತ್ತೆ ಹಚ್ಚಿದ ಹೆಂಡತಿ ಸುಮತಿ ಅಂದಿನಿಂದ ನನ್ನ ಮಾತು ಕೇಳುವುದನ್ನು ಬಿಟ್ಟು ಕೈಯನ್ನು ಮಾತ್ರ ನೋಡುತ್ತಾಳೆ. ಉಪ್ಪಳದ ಪೇಟೆಯಲ್ಲಿ ಹಳೆಯ ರೇಡಿಯೊ ರಿಪೇರಿ ಮಾಡಿ ಮಾರುವವನಿಗೆ ಇಂಥ ಕಿವಿ ಇರಬಾರದಿತ್ತು. "ಸೆಟ್ಟು ಹೇಗುಂಟು?" ಎಂದು ಗಿರಾಕಿ ಕೇಳಿದ ಕೂಡಲೇ ಕೈ ತಾನಾಗಿ ಮೇಲೇಳುತ್ತದೆ. ಗಿರಾಕಿ ಕೊಡೆ ತೆಗೆದುಕೊಂಡು ಹೊರಡುತ್ತಾನೆ.

ಆದ್ದರಿಂದ ಎರಡು ಸಾವಿರದ ಇಸವಿಯಲ್ಲಿ ನಮ್ಮ ಪೇಟೆಗೂ ಇಂಟರ್‌ನೆಟ್ ಬಂದಾಗ ನನಗಾದಷ್ಟು ಸಂತೋಷ ಬೇರೆ ಯಾರಿಗೂ ಆಗಿರಲಿಕ್ಕಿಲ್ಲ. ಅಲ್ಲಿ ಕಿವಿ ಕಾಣುವುದಿಲ್ಲ ನೋಡಿ! ಕಂಪ್ಯೂಟರ್ ಕ್ಲಾಸಿನವರು ಮಹಡಿಯ ಮೇಲೆ ಎರಡು ಯಂತ್ರ ಇಟ್ಟಿದ್ದರು. ಅದರಲ್ಲಿ ಹುಡುಕುತ್ತ ಹುಡುಕುತ್ತ ವಾಲ್ವ್ ರೇಡಿಯೊ ಹುಚ್ಚರ ಒಂದು ಕೂಟ ಸಿಕ್ಕಿತು. ಒಬ್ಬ ಬರೆದ ಕಾಗದ ಕೂಟದವರಿಗೆಲ್ಲ ಹೋಗುತ್ತದೆ. ಎಲ್ಲೆಲ್ಲಿಯೋ ಕೂತವರು ಒಂದು ಸುಟ್ಟ ಟ್ರಾನ್ಸ್‌ಫಾರ್ಮರ್ ಬಗ್ಗೆ ವಾರಗಟ್ಟಲೆ ಮಾತಾಡುತ್ತಾರೆ. ನನಗೆ ತವರಿಗೆ ಬಂದ ಹಾಗಾಯಿತು.

ಆದರೆ ಆ ಮನೆಯಲ್ಲಿ ವ್ಯಾಪಾರಿಗಳಿಗೆ ಬೇರೆಯೇ ರೀತಿನೀತಿ. ವ್ಯಾಪಾರಿ ಕಾಗದದ ತಲೆಯಲ್ಲೇ ತಾನು ವ್ಯಾಪಾರಿ ಎಂದು ಹೇಳಿಕೊಳ್ಳಬೇಕು. ಯಾರೋ ರಿಪೇರಿಯ ಸಂಶಯ ಕೇಳಿದರೆ, ನಡುವೆ ಬಾಯಿ ಹಾಕಿ "ನನ್ನಲ್ಲಿ ಹೊಸ ಸೆಟ್ಟುಂಟು" ಎನ್ನಕೂಡದು. ಮಾಲಿನ ದೋಷ ತಾನೇ ಮೊದಲು ಹೇಳಬೇಕು. ಬೇರೆ ಹೆಸರಿನಲ್ಲಿ ಬಂದು ತನ್ನನ್ನೇ ಹೊಗಳಿಕೊಳ್ಳುವುದಂತೂ ಮಹಾಪಾಪ. ಓದಿ ನನಗೆ ಸಿಟ್ಟೇ ಬಂತು. ಮದುವೆಮನೆಗೆ ಬಂದ ಅಕ್ಕಸಾಲಿಗ ಮದುಮಗಳ ಕುತ್ತಿಗೆ ನೋಡಬಾರದು ಎಂದರೆ ಹೇಗೆ? ಊಟ ಮಾಡುತ್ತಲೇ ಒಂದು ಸಲ ನೋಡಿಯೇ ನೋಡುತ್ತಾನೆ.

ಆಗ ನನ್ನಲ್ಲಿ ಒಂದು ಸೆಟ್ಟಿತ್ತು. ತೇಗದ ಪೆಟ್ಟಿಗೆ, ಎದುರಿಗೆ ದೀಪದ ಹಸಿರು ಕಣ್ಣು, ಬಿಸಿಯಾದ ಮೇಲೆ ಮೆಲ್ಲನೆ ತೆರೆಯುವಂಥದ್ದು. ಗಲ್ಫ್ ದುಡ್ಡಿನಲ್ಲಿ ಹೊಸ ಮನೆ ಕಟ್ಟಿಸಿದವರು ಹಳೆಯ ಸಾಮಾನಿನ ಜೊತೆ ಗುಜರಿಗೆ ಹಾಕಿದ್ದನ್ನು ನಾನು ತಂದಿದ್ದೆ. ಒಂದೇ ದೋಷ: ಗುಂಯ್ ಎನ್ನುತ್ತಿತ್ತು. ಕಂಡೆನ್ಸರ್ ಬದಲಿಸಿದೆ, ತಂತಿ ಬದಲಿಸಿದೆ, ದೇವರಿಗೆ ಕೈಮುಗಿದೆ. ನಿಲ್ಲಲಿಲ್ಲ. ಹಿಂದಿನ ಹಲಗೆ ಬಿಚ್ಚಿದಾಗ ಒಳಗೆ ಪೆನ್ಸಿಲಿನಲ್ಲಿ "ಬೊನಿಫಾಸ್, ಶಿರಿಯ" ಎಂದು ಬರೆದಿತ್ತು. ಹಳೆಯ ಧಣಿಯ ಹೆಸರಿರಬೇಕು, ಯಾವ ಕಾಲದ್ದೋ ಏನೋ ಎಂದುಕೊಂಡೆ.

ಕೂಟದಲ್ಲಿ ಸೆಟ್ಟಿನ ವಿಷಯ ಬರೆದೆ. ಹದಿನೈದು ದಿನ ಯಾರೂ ಉಸಿರೆತ್ತಲಿಲ್ಲ. ಆಗ ನಾನು ಆ ಮಹಾಪಾಪಕ್ಕೆ ಇಳಿದೆ. ಹೊಸ ವಿಳಾಸ ಮಾಡಿಕೊಂಡು ಶಿರಿಯದ ಬೊನಿಫಾಸ್ ಆದೆ. ಬಲಗೈಯ ಒಂದೇ ಬೆರಳಿನಲ್ಲಿ ಅಕ್ಷರ ಒತ್ತುತ್ತ, ಎಡಗೈಯಲ್ಲಿ ಕಿವಿ ಕೆರೆದುಕೊಳ್ಳುತ್ತ ಬರೆದೆ: ನಾನು ಬರೀ ಹವ್ಯಾಸಿ, ಮಾರುವವನಲ್ಲ. ಉಪ್ಪಳದ ಈ ಮನುಷ್ಯ ಚಿನ್ನದಂಥವನು. ಅವನ ಸೆಟ್ಟಿನಂಥದ್ದೇ ನನ್ನಲ್ಲೂ ಉಂಟು. ಕೆಲವೊಮ್ಮೆ ಗುಂಯ್ ಎನ್ನುತ್ತದೆ, ಆಗ ಪೆಟ್ಟಿಗೆಯ ಎಡ ಹೆಗಲ ಮೇಲೆ ಮಗುವಿಗೆ ಇಡುವ ಹಾಗೆ ಅಂಗೈ ಇಡುತ್ತೇನೆ, ಸುಮ್ಮನಾಗುತ್ತದೆ. ನಾನು ಚೆನ್ನಾಗಿದ್ದೇನೆ, ಎಲ್ಲರಿಗೂ ನಮಸ್ಕಾರ.

ಮರದ ಪೆಟ್ಟಿಗೆಗೆ ಕೈ ತಾಗಿಸಿದರೆ ಗುಂಯ್ ನಿಲ್ಲುವುದಿಲ್ಲ ಎಂದು ನನ್ನಂಥ ಕಸುಬಿನವನಿಗೆ ಗೊತ್ತಿಲ್ಲವೇ? ಬರೆಯುವ ಭರದಲ್ಲಿ ಬಂತು, ಚೆಂದ ಕಂಡಿತು, ಬಿಟ್ಟೆ.

ಮೂರನೆಯ ದಿನ ಬೊನಿಫಾಸರಿಗೆ ಒಂದು ಕಾಗದ ಬಂದಿತ್ತು. ಮಸ್ಕತ್ತಿನಿಂದ ಲ್ಯಾನ್ಸಿ ಎಂಬವರು ಬರೆದದ್ದು. "ನೀವು ನನ್ನ ಬೊನಾ ಮಾಮನೇ? ನಾನು ನಿಮ್ಮ ಅಕ್ಕ ಸೆವ್ರಿನಳ ಮಗ. ನೀವು ಹಡಗು ಹತ್ತಿ ಹೋದಾಗ ನನಗೆ ಹತ್ತು ವರ್ಷ. ರೇಡಿಯೊದ ಹುಚ್ಚು ನನಗೆ ಹಿಡಿಸಿದ್ದೇ ನೀವು. ಹದಿನಾರು ವರ್ಷದಿಂದ ಸುದ್ದಿಯಿಲ್ಲ. ಎಡಗಡೆ ಅಂಗೈ ಇಟ್ಟು ಅದನ್ನು ಸುಮ್ಮನಾಗಿಸುತ್ತಿದ್ದದ್ದು ನೀವು ಒಬ್ಬರೇ. ಅಮ್ಮನಿಗೆ ಫೋನು ಮಾಡಿ ಹೇಳಿದ್ದೇನೆ. ಅಳುತ್ತಿದ್ದಾಳೆ."

ಹಾಡುಹಗಲು ಹನ್ನೊಂದು ಗಂಟೆ. ಕೆಳಗೆ ಹೈವೇಯಲ್ಲಿ ಬಸ್ಸಿನವನು ಕಾಸರಗೋಡು, ಕಾಸರಗೋಡು ಎಂದು ಕೂಗುತ್ತಿದ್ದ. ನನ್ನ ಬೆನ್ನಿನ ಮೇಲೆ ಮಾತ್ರ ಯಾರೋ ತಣ್ಣೀರು ಎರೆದ ಹಾಗಾಯಿತು. ಹೆಸರನ್ನು ಪೆಟ್ಟಿಗೆಯಿಂದ ಕದ್ದೆ, ಸರಿ. ಅಂಗೈಯನ್ನು ಎಲ್ಲಿಂದ ಕದ್ದೆ?

ನಮ್ಮ ಕಡೆ ದೈವದ ವೇಷ ಹಾಕುವವರು ಅದಕ್ಕೆ ಮೊದಲು ಎಣ್ಣೆ ಪಡೆಯುತ್ತಾರೆ. ಆ ಎಣ್ಣೆ ಅಪ್ಪಣೆಯ ಗುರುತು. ಬೇರೊಬ್ಬರಾಗಿ ನಿಂತು ಮಾತಾಡುವುದು ಹುಡುಗಾಟಿಕೆಯಲ್ಲ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ನಾನು ಎಣ್ಣೆಯನ್ನೂ ಪಡೆಯದೆ, ಯಾರನ್ನೂ ಕೇಳದೆ ಒಬ್ಬ ಮನುಷ್ಯನ ಹೆಸರು ಉಟ್ಟುಕೊಂಡು ಕೂತಿದ್ದೆ. ಸುಮತಿಗೆ ಎಲ್ಲ ಹೇಳಿದೆ. ಅವಳು ನನ್ನ ಕೈ ನೋಡಿದಳು. ಅದು ತೊಡೆಯ ಮೇಲೇ ಇತ್ತು.

"ಆ ಸೆವ್ರಿನ್ ಬಾಯಮ್ಮನ ಹತ್ರ ಹೋಗಿ ಹೇಳಿ. ಸೆಟ್ಟನ್ನೂ ಕೊಂಡೋಗಿ" ಎಂದಳು.

ಮಧ್ಯಾಹ್ನದ ಊಟವಾದ ಮೇಲೆ ರೇಡಿಯೊವನ್ನು ರಿಕ್ಷಾದಲ್ಲಿ ಮಡಿಲ ಮೇಲೆ ಕೂರಿಸಿಕೊಂಡು ಶಿರಿಯಕ್ಕೆ ಹೋದೆ. ಹೊಳೆಬದಿಯಲ್ಲಿ ಲ್ಯಾನ್ಸಿ ಕಟ್ಟಿಸಿದ ಹೊಸ ಮನೆ. ಸೆವ್ರಿನ್ ಬಾಯಿಗೆ ಅರವತ್ತು ದಾಟಿರಬೇಕು. ಮೀನಿನ ಬಲೆ ಒಣಗಿಸಿದ್ದ ಅಂಗಳದಲ್ಲೇ ನಿಂತು ಕಾಯುತ್ತಿದ್ದರು. ನನ್ನನ್ನಲ್ಲ, ತಮ್ಮನನ್ನು. ಅಷ್ಟು ಹೊತ್ತಿಗೇ ಊರಿಡೀ ಸುದ್ದಿಯಾಗಿತ್ತು.

ಹೇಳಿದೆ. ಅರ್ಧಕ್ಕೆ ನಿಲ್ಲಿಸಲಿಲ್ಲ, ಚೆಂದ ಮಾಡಲೂ ಇಲ್ಲ. ನಾಚಿಕೆಯಿಂದ ನೆಲ ನೋಡುತ್ತ ನಿಂತೆ. ಅವರು ಬೈಯುತ್ತಾರೆಂದು ಕಾದರೆ, ಬೇರೆಯೇ ಮಾತು ತೆಗೆದರು.

"ನವೆಂಬರಿನಲ್ಲಿ ನಮಗೆ ಸತ್ತವರ ದಿನ ಉಂಟಲ್ಲ, ಇಗರ್ಜಿಗೆ ಹೆಸರು ಬರೆದು ಕೊಡ್ಲಿಕ್ಕುಂಟು, ಪೂಜೆಗೆ. ಹದಿನಾರು ವರ್ಷ ನಾನು ಬೊನಾನ ಹೆಸರು ಕೊಡ್ಲಿಲ್ಲ. ಬದುಕಿದ್ದವನ ಹೆಸರು ಕೊಟ್ರೆ ಹೇಗೆ? ಈ ವರ್ಷ ನನಗೆ ಸಾಕಾಯ್ತು, ಮಗಾ. ಬರೆದು ಕೊಟ್ಟೆ. ಅದೇ ವಾರ ನಿನ್ನ ಕಾಗದ ಬಂತು. ನಿನ್ನೆ ಹೋಗಿ ಪಾದ್ರಿಗಳ ಹತ್ರ ಹೆಸರು ಹೊಡೆದು ಹಾಕಿಸಿ ಬಂದೆ."

ನಾನು ಮಾಡಿದ್ದು ಎಂಥದ್ದೆಂದು ಆಗ ನನಗೆ ಪೂರ್ತಿ ಗೊತ್ತಾಯಿತು. ಒಂದು ಸೆಟ್ಟು ಮಾರುವ ಆಸೆಗೆ ಒಬ್ಬ ಮುದುಕಿಯ ಸತ್ತವರ ಪಟ್ಟಿಯನ್ನೇ ತಿದ್ದಿಬಿಟ್ಟಿದ್ದೆ.

"ಹಡಗು ಹತ್ತುವ ಮೊದಲು ಅವನು ಮಾರಿದ ಸೆಟ್ಟೇ ಇದು, ಹಾಕು ನೋಡುವ" ಎಂದರು. ರೇಡಿಯೊವನ್ನು ಮೇಜಿನ ಮೇಲಿಟ್ಟು ಪ್ಲಗ್ ಹಾಕಿದೆ. ಹಸಿರು ಕಣ್ಣು ಮೆಲ್ಲನೆ ತೆರೆಯಿತು. ಗುಂಯ್ ಶುರುವಾಯಿತು. ಸೆವ್ರಿನ್ ಬಾಯಿ ಬಂದು ಎಡ ಹೆಗಲ ಮೇಲೆ ಅಂಗೈ ಇಟ್ಟರು.

ನಿಂತಿತು. ಹೊರಗೆ ಹೊಳೆಯಲ್ಲಿ ಯಾರೋ ದೋಣಿಯ ನೀರು ಮೊಗೆದು ಚೆಲ್ಲುವುದು ಕೇಳಿಸಿತು.

ಅವರು ಕೈ ತೆಗೆದರೆ ಬರುತ್ತದೆ, ಇಟ್ಟರೆ ನಿಲ್ಲುತ್ತದೆ. ನಾನೂ ಇಟ್ಟು ನೋಡಿದೆ. ನನ್ನ ಕೈಗೆ ಅದು ಕ್ಯಾರೇ ಎನ್ನಲಿಲ್ಲ. ಅರ್ತಿಂಗ್ ತಂತಿ ಸಡಿಲವಿರಬಹುದು, ನೆಲದ ತೇವ ಇರಬಹುದು, ಬರಿಗಾಲಿನ ಕಾರಣವಿರಬಹುದು. ಇಂಥ ಕಾರಣ ಇನ್ನೂ ಹತ್ತು ಹೇಳಬಲ್ಲೆ. ನಾನೂ ಬರಿಗಾಲಿನಲ್ಲೇ ಇದ್ದೆ ಎಂಬುದೊಂದೇ ತೊಂದರೆ.

"ಅವನು ಹೋಗಿದ್ದಾನೆ" ಎಂದರು ಸೆವ್ರಿನ್ ಬಾಯಿ, ಕೈ ತೆಗೆಯದೆ. "ಬದುಕಿದ್ರೆ ಅವನೇ ಬರೀತಿದ್ದ. ನಿನ್ನ ಕೈಯಲ್ಲಿ ಬರೆಸಬೇಕಾಗಿ ಬಂತಲ್ಲ, ಅದರಲ್ಲೇ ಗೊತ್ತಾಯ್ತು. ಚೆನ್ನಾಗಿದ್ದೇನೆ ಅಂತ ಉಂಟಲ್ಲ ಕಾಗದದಲ್ಲಿ? ಅಷ್ಟು ಸಾಕು. ನಾಳೆ ಹೋಗಿ ಹೆಸರು ಕೊಡ್ತೇನೆ." ಆಮೇಲೆ ಕಣ್ಣೊರೆಸಿಕೊಂಡು, "ನಿನಗೆ ಚಾ ಆಗಬಹುದಾ?" ಎಂದು ಕೇಳಿದರು. ಆಗಬಹುದೆಂದು ತಲೆಯಾಡಿಸಿದೆ.

ರೇಡಿಯೊವನ್ನು ಅಲ್ಲೇ ಬಿಟ್ಟು ಬಂದೆ. ಮರುದಿನ ಕೂಟಕ್ಕೆ ಬರೆದೆ: ನಾನು ವ್ಯಾಪಾರಿ. ಬೊನಿಫಾಸ್ ಎಂದು ಬರೆದವನೂ ನಾನೇ. ಸೆಟ್ಟು ಗುಂಯ್ ಎನ್ನುತ್ತಿತ್ತು, ಹೇಳಿರಲಿಲ್ಲ. ಬೈಗಳು ಬಂದವು. ಎಲ್ಲ ಇಂಗ್ಲಿಷಿನಲ್ಲಿದ್ದದ್ದರಿಂದ ಅರ್ಧ ಮಾತ್ರ ತಾಗಿತು. ಆರು ತಿಂಗಳು ಏನೂ ಮಾರಕೂಡದು ಎಂದರು, ಒಪ್ಪಿದೆ. ಅವರ ನಿಯಮಗಳೆಲ್ಲ ಬರೀ ಮರ್ಯಾದೆಯ ಮಾತೆಂದು ತಿಳಿದಿದ್ದೆ. ನೋಡಿದರೆ ಅವು ಬೇಲಿ. ಆಚೆ ಯಾರು ನಿಂತಿದ್ದಾರೆಂದು ಬೇಲಿ ಕಟ್ಟಿದವರಿಗೂ ಗೊತ್ತಿರಲಿಕ್ಕಿಲ್ಲ.

ಲ್ಯಾನ್ಸಿ ಮಾತ್ರ ಬೈಯಲಿಲ್ಲ. "ಅಂಗೈಯ ವಿಷಯ ನಿಮಗೆ ಯಾರು ಹೇಳಿದರು?" ಎಂದಷ್ಟೇ ಕೇಳಿದರು. "ಗೊತ್ತಿಲ್ಲ" ಎಂದು ಬರೆದೆ. ಮೂವತ್ತು ವರ್ಷದ ವ್ಯಾಪಾರದಲ್ಲಿ ಆ ಮಾತನ್ನು ಮೊದಲ ಸಲ ಹೇಳಿದ್ದು.

ಒಂದು ಸಂಗತಿ ಮಾತ್ರ ಅವರಿಗೆ ಬರೆಯಲಿಲ್ಲ. ನಿಮಗೆ ಹೇಳುತ್ತೇನೆ. ಆ ಸುಳ್ಳು ಕಾಗದ ಬರೆದ ಹೊತ್ತನ್ನು ನಾನು ಮತ್ತೆ ಮತ್ತೆ ನೆನಪಿಗೆ ತಂದುಕೊಂಡಿದ್ದೇನೆ. ಹವ್ಯಾಸಿ ಎಂದಾಗ ಕಿವಿ ಕೆರೆದುಕೊಂಡೆ. ಚಿನ್ನದಂಥವನು ಎಂದಾಗ ಚರ್ಮ ಕೀಳುವಷ್ಟು ಕೆರೆದುಕೊಂಡೆ. ಅಂಗೈಯ ಸಾಲಿಗೆ ಬರುವಾಗ ಕಿವಿ ತುರಿಸಲಿಲ್ಲ. "ನಾನು ಚೆನ್ನಾಗಿದ್ದೇನೆ" ಎನ್ನುವಾಗಲೂ ತುರಿಸಲಿಲ್ಲ. ಎಡಗೈ ಮೇಜಿನ ಮೇಲೆ ಅಂಗೈ ಊರಿಕೊಂಡು ಸುಮ್ಮನೆ ಇತ್ತು.