ಗಾಜಿನ ಖೋಲಿಯ ಪ್ರಿಂಟರ್

ಈಗಿನ ಪ್ರಿಂಟರುಗಳು ಸದ್ದಿಲ್ಲದೆ ಕಾಗದ ಉಗುಳುತ್ತವೆ. ನಾನು ಸಂಸಾರ ಮಾಡಿದ್ದು ಕರ್ರ್ ಕರ್ರ್ ಅನ್ನುವ ಪ್ರಿಂಟರಿನ ಜೊತೆ. ಕಂಪ್ಲಿಯ ನಮ್ಮ ಅಕ್ಕಿ ಗಿರಣಿಗೆ ಮಾವ ಕಂಪ್ಯೂಟರ್ ತಂದದ್ದು ನಾನು ಸೊಸೆಯಾಗಿ ಬಂದ ವರ್ಷವೇ. ಅಲ್ಲಿಯವರೆಗೆ ಮೇಜಿನ ಮೇಲೆ ಕಾಗದದ ಸುರುಳಿ ಬಿಡುವ ಕ್ಯಾಲ್ಕುಲೇಟರ್ ಇತ್ತು, ನನ್ನ ಗಂಡ ಅದನ್ನು ಕಟಕಟ ಅನ್ನಿಸುತ್ತ ಕೂತಿರುತ್ತಿದ್ದರು. ಸಂಡೂರಿನ ತವರಿನಲ್ಲಿದ್ದಾಗ ನಾನು ಹೊಸಪೇಟೆಗೆ ಓಡಾಡಿ ಬಿ.ಎಡ್. ಮುಗಿಸಿದ್ದೆ. ಜೊತೆಗೊಂದು ಕಂಪ್ಯೂಟರ್ ಕೋರ್ಸು. ಆ ಕೋರ್ಸೇ ನನಗೆ ಮುಳುವಾಯಿತು.

ಗಿರಣಿ ಅಂದಮೇಲೆ ತೌಡಿನ ಧೂಳು. ಕಂಪ್ಯೂಟರಿಗೆ ಧೂಳು ಆಗದು ಎಂದು ಮಾರಿದವನು ಹೇಳಿದ್ದೇ ತಡ, ಮಾವ ಅಂಗಳದ ಮೂಲೆಯಲ್ಲಿ ಗಾಜಿನ ಖೋಲಿ ಕಟ್ಟಿಸಿದರು. ಎಸಿ ಹಾಕಿಸಿದರು. ಬಾಗಿಲಂಚಿಗೆ ರಬ್ಬರ್ ಪಟ್ಟಿ. ಚಪ್ಪಲಿ ಹೊರಗೆ, ನೀರಿನ ತಂಬಿಗೆಯೂ ಹೊರಗೆ, ಒಳಗೆ ನಾನು. ಬಾಗಿಲನ್ನು ಪದೇ ಪದೇ ತೆಗೆಯುವಂತಿಲ್ಲ. ಭತ್ತ ತಂದ ರೈತರು ಗಾಜಿಗೆ ಹಣೆ ಹಚ್ಚಿ ನೋಡುತ್ತಿದ್ದರು. ನೋಡಲಿ ಬಿಡಿ, ಅವರಿಗೂ ಹೊಸದು. ಆದರೆ ಮಧ್ಯಾಹ್ನದ ಹೊತ್ತಿಗೆ ನನಗೆ ಕಿರುಚಬೇಕು ಅನಿಸುತ್ತಿತ್ತು. ಕಿರುಚಿದರೂ ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ.

ಕಂಪ್ಯೂಟರ್ ಪಾಪದ ಪ್ರಾಣಿ. ಹಟಮಾರಿ ಅಂದರೆ ಪ್ರಿಂಟರ್. ಎರಡೂ ಅಂಚಿಗೆ ತೂತಿರುವ ಮುಗಿಯದಷ್ಟು ಉದ್ದದ ಕಾಗದ ಅದಕ್ಕೆ. ನಾನು ಕೂತರೆ ಬಿಲ್ಲು ನೆಟ್ಟಗೆ ಬರುತ್ತಿತ್ತು. ನಾನಿಲ್ಲದ ದಿನ ಗಂಡ ಕೂತರೂ ಗುಮಾಸ್ತರು ಕೂತರೂ ಕಾಗದ ಸೊಟ್ಟಗಾಗಿ ಮುದ್ದೆಯಾಗುತ್ತಿತ್ತು. ಎಲ್ಲಾ ನಿನ್ನ ಕೈಗುಣ ಎಂದರು ಮಾವ. ಮೊದಮೊದಲು ಉಬ್ಬಿದೆ. ಆಮೇಲೆ ನೋಡಿದರೆ, ತವರಿಗೆ ಹೋದ ಮರುದಿನವೇ ಕರೆಯಲು ಜೀಪು ಬಂದು ನಿಲ್ಲುತ್ತಿತ್ತು. ತಂಗಿಯ ಸೀಮಂತದಲ್ಲಿ ಊಟದ ಎಲೆ ಮುಂದಿನಿಂದ ಎದ್ದು ಬಂದಿದ್ದೇನೆ, ಪ್ರಿಂಟರಿಗಾಗಿ. ಅದರ ಮನೆ ಹಾಳಾಗ.

ಹೀಗಿರುವಾಗ ಕಮಲಾಪುರದ ಹೈಸ್ಕೂಲೊಂದರಿಂದ ಸಂದರ್ಶನಕ್ಕೆ ಕರೆ ಬಂತು. ಟೀಚರ್ ಆಗುವುದು ನನ್ನ ಚಿಕ್ಕಂದಿನ ಆಸೆ. ಕಂಪ್ಲಿಯಿಂದ ದಿನಾ ಬಸ್ಸಿಗೆ ಹೋಗಿ ಬರಬಹುದು. ಮಾವ ಬೇಡ ಅನ್ನಲಿಲ್ಲ, ಅವರು ಯಾವತ್ತೂ ಬೇಡ ಅಂದವರಲ್ಲ. ಯಾರಿಗಾದರೂ ಪ್ರಿಂಟರ್ ಕಲಿಸಿ ಹೋಗು ಎಂದರು, ಅಷ್ಟೇ. ಕಾಗದ ಕೂರಿಸುವುದು, ತೂತಿಗೆ ಹಲ್ಲು ಸೇರಿಸುವುದು, ಎಲ್ಲವನ್ನೂ ಗಂಡನಿಗೆ ಕೈಹಿಡಿದು ಕಲಿಸಿದೆ. ನನ್ನೆದುರು ಸರಿ ಬಂತು. ಮರುದಿನ ಬೆಳಿಗ್ಗೆ ಅವರೊಬ್ಬರೇ ಕೂತರೆ ಮತ್ತೆ ಮುದ್ದೆ. ಇದು ನಿಜವಾಗಿಯೂ ಕೈಗುಣವೇ ಇರಬಹುದೇನೋ ಎಂದು ನನಗೇ ಹೆದರಿಕೆಯಾಯಿತು.

ಸಂದರ್ಶನದ ಹಿಂದಿನ ದಿನ ಗಾಜಿನ ಹೊರಗೆ ನಿಂತು ನೋಡುತ್ತಿದ್ದೆ. ಮನೆಯಲ್ಲಿ ಪೂಜೆ ಮುಗಿಸಿ ಬಂದ ಮಾವ, ಎಂದಿನಂತೆ, ಕಂಪ್ಯೂಟರಿಗೂ ಪ್ರಿಂಟರಿಗೂ ಮೂರು ಬೆರಳಿನಿಂದ ವಿಭೂತಿ ಎಳೆದರು. ಪ್ರಿಂಟರಿಗೆ ಕಾಗದ ಹೋಗುವ ಬಾಯಿಯ ಮೇಲೆಯೇ. ಪುಡಿ ಒಳಗಿನ ರಬ್ಬರ್ ಉರುಳೆಯ ಮೇಲೆ ಉದುರಿತು. ಗಂಡ ಕೈಮುಗಿದು ಕಾಗದ ಹಾಕಿ ಗುಂಡಿ ಒತ್ತಿದರು. ಉರುಳೆ ಜಾರಿ ಕಾಗದ ಸೊಟ್ಟಗಾಯಿತು. ನನ್ನ ಕೈ ತಾನಾಗಿಯೇ ಸೆರಗಿಗೆ ಹೋಯಿತು, ಆಗ ಹೊಳೆಯಿತು. ದಿನಾ ಕೂತ ಕೂಡಲೇ ನಾನು ಸೆರಗಿನಿಂದ ಉರುಳೆ ಒರೆಸುತ್ತಿದ್ದೆ, ಯೋಚನೆಯೇ ಇಲ್ಲದೆ. ಮಾವ ಹಚ್ಚಿದ ವಿಭೂತಿಯನ್ನು ಒರೆಸುವ ಧೈರ್ಯ ಆ ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ. ಹೇಳಿದರೆ ದೇವರ ವಿಭೂತಿ ಒರೆಸಿದ ಸೊಸೆ ಅನ್ನಿಸಿಕೊಳ್ಳುತ್ತೇನೆ. ಹೇಳದಿದ್ದರೆ ಈ ಖೋಲಿಯೇ ಗತಿ.

ಮಧ್ಯಾಹ್ನ ಮಾವನ ಮುಂದೆ ನಿಂತು ಹೇಳಿಯೇಬಿಟ್ಟೆ. ಅವರು ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು.

"ಗೊತ್ತೈತಿ ಬಿಡವ್ವಾ," ಅಂದರು. "ದಿನಾ ನಿನ್ನ ಸೆರಗಿನ ಅಂಚು ಬೆಳ್ಳಗಿರ್ತಿತ್ತಲ್ಲ."

ಗೊತ್ತಿತ್ತಂತೆ! ಗೊತ್ತಿದ್ದೂ ಹಚ್ಚುತ್ತಿದ್ದರು. "ಮತ್ತ ಯಾಕ್ರಿ ಮಾವಾರ?" ಎಂದೆ.

"ಹೋಗಬ್ಯಾಡ ಅನ್ನಾಕ ಬಾಯಿ ಬರಲಿಲ್ಲವ್ವ. ಅದಕ್ಕ."

ಸಿಟ್ಟಿಗೆ ನನಗೆ ಅಳುವೇ ಬಂತು. ಬೇಡ ಎಂದಿದ್ದರೆ ಜಗಳವಾದರೂ ಆಡುತ್ತಿದ್ದೆ. ಇಷ್ಟು ದಿನ ನಾನು ಯಾರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ? ಒಂದು ಪ್ರಿಂಟರಿನ ಮೇಲೆ.

ಮರುದಿನ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡೇ ಖೋಲಿಗೆ ಹೋದೆ. ಮಾವ ವಿಭೂತಿ ಎಳೆಯುತ್ತಿದ್ದರು, ಅವತ್ತೂ ಅದೇ ಜಾಗದಲ್ಲಿ. ಗಂಡನ ಎದುರು, ಬಾಗಿಲಲ್ಲಿ ನಿಂತ ಅತ್ತೆಯ ಎದುರು, ಸೆರಗು ಹಿಡಿದು ಉರುಳೆಯನ್ನು ತಿಕ್ಕಿ ಒರೆಸಿದೆ. ಅತ್ತೆ ಶಿವಶಿವಾ ಎಂದರು. ಗಂಡನಿಗೆ ಗುಂಡಿ ಒತ್ತಲು ಹೇಳಿದೆ. ಕಾಗದ ನೆಟ್ಟಗೆ ಹೊರಟಿತು. ಮಾವ ನನ್ನ ಕುರ್ಚಿಯಲ್ಲಿ ಕುಸಿದು ಕೂತರು.

ಹೊರಗೆ ಬಂದು ಚಪ್ಪಲಿ ಮೆಟ್ಟಿದೆ. ಧೂಳು ಒಳಗೆ ಹೋಗದಿರಲೆಂದು, ರೂಢಿಯಂತೆ, ಬಾಗಿಲನ್ನು ಗಟ್ಟಿಯಾಗಿ ಎಳೆದೆ. ಗಾಜಿನ ಆಚೆ ಮಾವ ನನ್ನನ್ನೇ ನೋಡುತ್ತ ಏನೋ ಹೇಳುತ್ತಿದ್ದರು. ಗಿರಣಿ ಆಗಲೇ ಶುರುವಾಗಿತ್ತು, ನನಗೆ ಕೇಳಿಸಲಿಲ್ಲ.